ದೋಣಿಕಟ್ಟೆಯ ಹೊನ್ನೆ

ಹೊಸ ಲೋಟದ ಮೊದಲ ನೀರನ್ನು ಯಾರೂ ಕುಡಿಯುವುದಿಲ್ಲ. ಅದು ಚೆಲ್ಲುವ ನೀರು. ಹೊನ್ನೆ ಮರದಲ್ಲಿ ಕಡೆದ ಲೋಟಗಳನ್ನು ಸಂಜೆ ಹಿತ್ತಲ ತೊಟ್ಟಿಯಲ್ಲಿ ಮುಳುಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ತೊಟ್ಟಿಯ ನೀರು ಕಡು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಚೆಲ್ಲಿದ ಕಡೆ ಕಲ್ಲಿನ ಮೇಲೆ ಕಂದು ಕಲೆ ನಿಂತುಬಿಡುತ್ತದೆ. ಮದುವೆಯಾಗಿ ಈ ಮನೆಗೆ ಬಂದ ಹದಿನಾಲ್ಕು ವರ್ಷದಿಂದಲೂ ಆ ನೀರನ್ನು ಚೆಲ್ಲುತ್ತ ಬಂದವಳು ಸೊಸೆ. ಕಲ್ಲಿನ ಮೇಲಿನ ಕಲೆಯನ್ನು ಅವಳು ಉಜ್ಜುವ ಗೋಜಿಗೇ ಹೋಗುತ್ತಿರಲಿಲ್ಲ.

ಆ ಬೆಳಿಗ್ಗೆ ಮಾತ್ರ ತೊಟ್ಟಿಯೊಳಗೆ ಇಣುಕಿದವಳಿಗೆ ತಳದ ಬಿರುಕು ಕಾಣಿಸಿತು. ಇಪ್ಪತ್ತನಾಲ್ಕು ಲೋಟ ರಾತ್ರಿಯೆಲ್ಲ ನೆನೆದಿವೆ, ನೀರು ನಲ್ಲಿಯಿಂದ ಈಗಷ್ಟೆ ಹಿಡಿದ ಹಾಗಿದೆ. ಒಂದು ಲೋಟ ಎತ್ತಿ ಮೂಸಿದಳು. ಹೊನ್ನೆಯದೇ ವಾಸನೆ, ಮಂಕಾಗಿ. ಉಗುರಿನಿಂದ ಕೆರೆದಳು. ಹೊನ್ನೆಯದೇ ನಾರು. ಮರ ಸುಳ್ಳಲ್ಲ. ಹಾಗಾದರೆ ಬಣ್ಣವೆಲ್ಲಿ ಹೋಯಿತು?

ಅಷ್ಟರಲ್ಲಿ ಮಾವ ಹಿತ್ತಲ ಬಾಗಿಲಿಗೆ ಬಂದರು. ಬೀದಿಯವರು ಅವರನ್ನು ಲೋಟದಜ್ಜ ಎನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಕೈಬೆರಳುಗಳು ಮಾತ್ರ ಉಳಿ ಹಿಡಿದು ಹಿಡಿದು ಉಳಿಯ ಹಿಡಿಯ ಆಕಾರಕ್ಕೇ ಮಡಚಿಕೊಂಡಿದ್ದವು. ಲೇತ್ ಯಂತ್ರದಲ್ಲಿ ಮರ ಗಿರಗಿರ ತಿರುಗುವಾಗ ಅವರು ಕಣ್ಣಿನಿಂದ ನೋಡುತ್ತಿದ್ದುದೇ ಕಡಿಮೆ. ಬೆರಳ ತುದಿ ತಾಕಿಸಿ, "ಇಲ್ಲೊಂದು ನೂಲಿನಷ್ಟು ದಪ್ಪ ಇದೆ" ಎನ್ನುವರು. ಅಳೆದರೆ ಅಷ್ಟೇ ಇರುತ್ತಿತ್ತು.

"ಕೊಡು ಇಲ್ಲಿ" ಎಂದು ಒಂದು ಲೋಟದ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ಬಿಸಿಲಿಗೆ ಹಿಡಿದರು. ಇದು ಅವರ ಕಟ್ಟಲೆ. ಒಳ್ಳೆಯ ಹೊನ್ನೆಯ ನೀರು ಕಂದಾಗಿದ್ದರೂ ಬಿಸಿಲು ಬಿದ್ದ ಅಂಚಿನಲ್ಲಿ ಒಂದು ತೆಳು ನೀಲಿ ಹೊಳೆಯುತ್ತದೆ, ಪಾರಿವಾಳದ ಕತ್ತಿನಲ್ಲಿ ಹೊಳೆಯುವಂಥದ್ದು. ನೀಲಿ ಕಂಡರೆ ಮಾತ್ರ ಆ ಲೋಟಗಳು ಅಂಗಡಿಯ ಮುಂಗಟ್ಟಿಗೆ ಹೋಗಬೇಕು.

ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ಬಂತು ನೋಡು ನೀಲಿ. ನಾನು ಹೇಳ್ಲಿಲ್ವಾ? ಚಿನ್ನದಂಥ ಮರ ಇದು."

ಗಾಜಿನಲ್ಲಿದ್ದದ್ದು ಬರೀ ನೀರು. ಅದರ ಹಿಂದೆ ಅವರ ಹೆಬ್ಬೆರಳಿನ ಗೆರೆಗಳೂ ಕಾಣುತ್ತಿದ್ದವು.

"ಹೂಂ ಮಾವ" ಎಂದಳು ಸೊಸೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಅವರು ಆಗಲೇ ಒಳಗೆ ಹೋಗಿ ಯಂತ್ರದ ಪಟ್ಟಿ ಬಿಗಿಮಾಡುತ್ತಿದ್ದರು.

ಮಾವನಿಗೆ ನೀಲಿ ಕಾಣುವುದಿಲ್ಲ, ಕಂದು ನೀರು ಯಾವುದು ತಿಳಿನೀರು ಯಾವುದು ಎಂಬುದೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ತಿಳಿದದ್ದು ಹೀಗೆ. ತಿಳಿದ ಮೇಲೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಹಸಿರು ಬಕೆಟ್ಟು ತನ್ನಿ ಎಂದರೆ ನೀಲಿಯದನ್ನು ತಂದಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ "ನನ್ನ ಕಣ್ಣು ನನ್ನ ಬೆರಳಲ್ಲಿದೆ" ಎಂದು ಮಾತು ಹಾರಿಸಿದ್ದರು.

ಮರದ ಕಥೆ ಅವಳಿಗೆ ಗೊತ್ತೇ ಇತ್ತು. ಹೊನ್ನೆಯ ದಿಮ್ಮಿ ಈಗೀಗ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಕ್ಕಿದ್ದೂ ಹಸಿಯಾಗಿರುತ್ತಿತ್ತು, ಕಡೆದ ಹತ್ತರಲ್ಲಿ ನಾಲ್ಕು ಲೋಟ ಸೀಳುತ್ತಿದ್ದವು. ಹೋದ ತಿಂಗಳು ಹೊಳೆಯ ಹಳೆಯ ದೋಣಿಕಟ್ಟೆಯನ್ನು ಕಿತ್ತು ಹಾಕಿದಾಗ ಅದರ ಕಂಬಗಳೆಲ್ಲ ಹೊನ್ನೆ ಎಂದು ಮಾವನಿಗೆ ಸುದ್ದಿ ಬಂತು. ಗಾಡಿ ಮಾಡಿಕೊಂಡು ಹೋಗಿ, ಒಂದೊಂದು ಕಂಬವನ್ನೂ ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಆರಿಸಿ ತಂದರು. ಮಗಳ ಮದುವೆಗೆ ವರ ಸಿಕ್ಕಿದಷ್ಟು ಸಂತೋಷ. "ನಲವತ್ತು ವರ್ಷ ನೀರಲ್ಲಿ ನಿಂತಿದೆ ಕಣಮ್ಮ, ಒಂದು ಚೂರು ಕೊಳೆತಿಲ್ಲ. ಇಷ್ಟು ಹದವಾದ ಮರ ನನ್ನ ಜನ್ಮದಲ್ಲಿ ಕಡೆದಿಲ್ಲ. ಸೀಳೋ ಮಾತೇ ಇಲ್ಲ" ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು.

ಸೀಳಲಿಲ್ಲ ನಿಜ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಮುತ್ತಿನಂತೆ ಬಂದವು. ಆದರೆ ಒಂದು ರಾತ್ರಿ ನೀರಲ್ಲಿಟ್ಟರೆ ಬಣ್ಣ ಬಿಡುವ ಮರ ನಲವತ್ತು ವರ್ಷ ಹೊಳೆಯಲ್ಲಿ ನಿಂತರೆ ಅದರೊಳಗೆ ಉಳಿಯುವುದೇನು? ಈ ಪ್ರಶ್ನೆ ಕಡೆಯುವವರಿಗೆ ಹೊಳೆದಿರಲಿಲ್ಲ. ಅವರು ಮರದ ಗಟ್ಟಿತನ ನೋಡಿದ್ದರು, ಸದ್ದು ಕೇಳಿದ್ದರು, ನೇಯ್ಗೆ ಸವರಿದ್ದರು. ಮರದೊಳಗಿನ ಔಷಧಿಯನ್ನು ಹೊಳೆ ಎಂದೋ ಕುಡಿದು ಮುಗಿಸಿತ್ತು.

ಮಾವನಿಗೆ ಆ ಮರದ ಮೇಲಿದ್ದದ್ದು ಬರೀ ವ್ಯಾಪಾರದ ಪ್ರೀತಿಯಲ್ಲ. ಕಡಿದರೆ ರಕ್ತದಂಥ ಅಂಟು ಒಸರುತ್ತದೆ, ಒಣಗಿದ ಅಂಟನ್ನು ಚೂರು ನೀರಲ್ಲಿ ಕರಗಿಸಿ ಬಾಯಿ ಮುಕ್ಕಳಿಸಿದರೆ ಒಸಡಿನ ರಕ್ತ ನಿಲ್ಲುತ್ತದೆ, ಭೇದಿಗೂ ಹಿಂದಿನವರು ಅದನ್ನೇ ಕೊಡುತ್ತಿದ್ದರು, ಎಲೆ ಅರೆದು ಕುರುವಿಗೆ ಕಟ್ಟುತ್ತಿದ್ದರು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವರು. ಸಕ್ಕರೆ ಕಾಯಿಲೆಯವರಿಗೆ ಲೋಟ. ಸಂಜೆ ನೀರು ತುಂಬಿಟ್ಟು ಬೆಳಿಗ್ಗೆ ಬರಿ ಹೊಟ್ಟೆಗೆ ಕುಡಿಯಬೇಕು. ಕೊಡುವಾಗ ಎರಡು ಮಾತು ತಪ್ಪದೆ ಹೇಳುವರು. ಒಂದು, ಸಾಬೂನು ತಾಕಿಸಬೇಡಿ, ಮರದ ಕಣ್ಣು ಮುಚ್ಚಿಹೋಗುತ್ತದೆ. ಎರಡನೆಯದು, "ಡಾಕ್ಟ್ರು ಕೊಟ್ಟ ಮಾತ್ರೆ ಬಿಟ್ರಿ ಅಂತ ಗೊತ್ತಾದ್ರೆ ಮನೆಗೆ ಬಂದು ಲೋಟ ಕಿತ್ಕೊಂಡು ಹೋಗ್ತೀನಿ." ಒಬ್ಬ ದರ್ಜಿಯ ಮನೆಯಿಂದ ನಿಜವಾಗಿಯೂ ಕಿತ್ತು ತಂದಿದ್ದರು. ಅವನು ಮಾತ್ರೆಯ ಚೀಟಿ ತೋರಿಸಿದ ಮೇಲೆಯೇ ವಾಪಸು ಕೊಟ್ಟದ್ದು. ಅದಕ್ಕೇ ಜನ ಅವರನ್ನು ನಂಬುತ್ತಿದ್ದರು. ಲೋಟದಜ್ಜ ನೀಲಿ ಇದೆ ಎಂದರೆ ಇದೆ.

ಸೊಸೆ ಗಂಡನಿಗೆ ಹೇಳಿದಳು. ಅವನು ಬಸ್ಸಿನ ಡ್ರೈವರು, ಎರಡು ದಿನಕ್ಕೊಮ್ಮೆ ಮನೆಗೆ ಬರುವವನು. ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿಸಿಕೊಂಡ.

"ಅಪ್ಪನಿಗೆ ಹೇಳ್ಬೇಡ" ಎಂದ ಕೊನೆಗೆ. "ಅಮ್ಮ ಹೋದ ಮೇಲೆ ಅವರಿಗೆ ಇರೋದು ಅದೊಂದೇ. ನಿನ್ನ ಕಣ್ಣು ಹೋಯ್ತು, ಮರ ನೋಡೋಕೂ ಬರಲ್ಲ ಅಂದ್ರೆ ಕೂತಲ್ಲೇ ಕುಸಿದು ಹೋಗ್ತಾರೆ."

"ಕೊಳ್ಳೋರು?"

"ಮಾತ್ರೆ ತಗೋತಾರಲ್ಲ. ನೀರು ಕುಡಿದು ಯಾರಿಗೂ ಏನೂ ಆಗಲ್ಲ."

ಆ ಮಾತು ಸರಿ ಎನಿಸಲಿಲ್ಲ, ತಪ್ಪೆಂದು ತೋರಿಸಲೂ ಬರಲಿಲ್ಲ. ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ಮಾವ ಮಧ್ಯಾಹ್ನ ಮಲಗಿದಾಗ, ಅಟ್ಟದ ಮೇಲಿನ ಹಳೆಯ ಹೊನ್ನೆ ಹೊಟ್ಟಿನ ಚೀಲ ಇಳಿಸಿದಳು. ಹೊಟ್ಟನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆರಿದ ಕಷಾಯದಲ್ಲಿ, ಇನ್ನೂ ಮುಂಗಟ್ಟಿಗೆ ಹೋಗದಿದ್ದ ಇಪ್ಪತ್ತನಾಲ್ಕು ಲೋಟಗಳನ್ನೂ ಹಿತ್ತಲ ಮೂಲೆಯಲ್ಲಿ ಮುಳುಗಿಸಿಟ್ಟಳು. ಮೂರನೆಯ ದಿನ ತೆಗೆದು ಒಣಗಿಸಿ ನೀರು ತುಂಬಿದರೆ ಬಣ್ಣ ಬಂತು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿಯೂ ಬಂತು. ಅದನ್ನು ನೋಡಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮುಂದಿನ ಮರ ಬರುವವರೆಗೆ ಸಾಕು, ಅಷ್ಟರಲ್ಲಿ ಕಣ್ಣಿನ ವಿಷಯ ಹೇಗಾದರೂ ಮೆಲ್ಲಗೆ ಎತ್ತೋಣ ಎಂದುಕೊಂಡಳು.

ಎರಡು ವಾರದಲ್ಲಿ ಹನ್ನೊಂದು ಲೋಟ ಹೋದವು.

ಮೊದಲು ಮರಳಿ ಬಂದವಳು ಗಂಟೆಯಕ್ಕ. ಹತ್ತಿರದ ಶಾಲೆಯಲ್ಲಿ ಗಂಟೆ ಹೊಡೆಯುವ, ಕೋಣೆ ಗುಡಿಸುವ ಕೆಲಸ ಅವಳದು. ಐವತ್ತರ ಹೆಂಗಸು, ದನಿ ದೊಡ್ಡದು, ಆದರೆ ಆ ದಿನ ಅಂಗಡಿಯ ಮೆಟ್ಟಿಲ ಹತ್ತಿರ ಸೆರಗಿನಲ್ಲಿ ಲೋಟ ಸುತ್ತಿಕೊಂಡು ಕದ್ದ ಮಾಲು ತಂದವಳ ಹಾಗೆ ನಿಂತಿದ್ದಳು.

"ಅಜ್ಜ, ಬಣ್ಣ ನಿಂತೋಯ್ತು" ಎಂದಳು. "ಹೋದ ಸಲದ್ದು ಮೂರು ತಿಂಗಳು ಬಂದಿತ್ತು. ಇದು ಹದಿನೈದು ದಿನಕ್ಕೇ..."

ಮಾವ ಯಂತ್ರ ನಿಲ್ಲಿಸಿದರು. ಲೋಟ ಕೈಗೆ ತೆಗೆದುಕೊಂಡು ಒಳಗೆ ಬೆರಳಾಡಿಸಿದರು. "ಸಾಬೂನು ಹಾಕಿದ್ದೀಯ."

"ಇಲ್ಲ ಅಜ್ಜ."

"ಹಾಕಿದ್ದೀಯ. ಇದು ಎಂಥ ಮರ ಗೊತ್ತಾ ನಿಂಗೆ? ಇಂಥದ್ದು ಇನ್ನು ಹುಟ್ಟಲ್ಲ. ಹದಿನೈದು ದಿನಕ್ಕೆ ಬಣ್ಣ ಹೋಗಬೇಕಾದ್ರೆ ಸಾಬೂನು ಹಾಕಿ ಉಜ್ಜಿರ್ಬೇಕು. ಎಷ್ಟು ಸಲ ಹೇಳಿ ಕೊಡ್ತೀನಿ ನಾನು? ಹೇಳಿದ್ದು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಟ್ರೆ ನಾನು ಬೆನ್ನು ಮುರ್ಕೊಂಡು ಕಡೆಯೋದು ಯಾಕೆ?"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಗಂಟೆಯಕ್ಕನ ಮುಖ ಕೆಂಪಾಯಿತು. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅವಳು ಬೀದಿ ಒಂದು ಮಾಡುತ್ತಿದ್ದಳು. ಲೋಟದಜ್ಜನ ಮುಂದೆ ದನಿ ಏಳಲಿಲ್ಲ.

"ನಾನಂತೂ ಹಾಕಿಲ್ಲ" ಎಂದಳು ಮೆಲ್ಲಗೆ. ಆಮೇಲೆ ಯೋಚಿಸುತ್ತ, "ಮನೇಲಿ ಯಾರಾದ್ರೂ ಗೊತ್ತಿಲ್ಲದೆ ಹಾಕಿದ್ರೋ ಏನೋ. ನೀವು ಹೇಳಿದ ಮೇಲೆ ಹಾಗೇ ಇರುತ್ತೆ. ತಪ್ಪಾಯ್ತು ಅಜ್ಜ."

ಒಳಬಾಗಿಲಲ್ಲಿ ಲೋಟ ನಯಮಾಡುವ ಉಪ್ಪು ಕಾಗದ ಹಿಡಿದು ಕೂತಿದ್ದ ಸೊಸೆಯ ಕೈ ನಿಂತಿತು. ಆ "ತಪ್ಪಾಯ್ತು" ಎನ್ನುವುದು ಅವಳ ಎದೆಗೆ ಬಂದು ನಾಟಿತು. ಗಂಟೆಯಕ್ಕ ಜಗಳವಾಡಿದ್ದರೆ ಸಹಿಸಬಹುದಿತ್ತು. ಮಾಡದ ತಪ್ಪನ್ನು ಹುಡುಕಿ ತಂದು ತಲೆಯ ಮೇಲೆ ಇಟ್ಟುಕೊಂಡು ಹೋದಳಲ್ಲ. ಇನ್ನು ಹತ್ತು ಮನೆಯಲ್ಲಿ ಹತ್ತು ಲೋಟ ಇವೆ. ಅವರೂ ಒಬ್ಬೊಬ್ಬರಾಗಿ ಬರುತ್ತಾರೆ. ಮಾವ ಒಬ್ಬೊಬ್ಬರಿಗೂ ಬೈಯುತ್ತಾರೆ. ಅವರೂ ತಮ್ಮನ್ನೇ ಅನುಮಾನಿಸುತ್ತ ತಿರುಗಿ ಹೋಗುತ್ತಾರೆ. ನೀರು ಕುಡಿದು ಯಾರಿಗೂ ಏನೂ ಆಗುವುದಿಲ್ಲ ಎಂದಿದ್ದ ಗಂಡ. ಆಗಿದ್ದು ಕಣ್ಣ ಮುಂದೆಯೇ ಇತ್ತು.

ಮಾರನೆಯ ಬೆಳಿಗ್ಗೆ ಅವಳು ಎರಡು ಗಾಜಿನ ಲೋಟಗಳಲ್ಲಿ ನೀರು ತಂದು ಕೆಲಸದ ಹಲಗೆಯ ಮೇಲೆ ಇಟ್ಟಳು. ಒಂದು, ಅಡುಗೆ ಮನೆಯಲ್ಲಿ ಉಳಿದಿದ್ದ ಹೋದ ವರ್ಷದ ಲೋಟದ್ದು. ಇನ್ನೊಂದು, ಗಂಟೆಯಕ್ಕ ಬಿಟ್ಟು ಹೋದದ್ದು.

"ಏನಿದು?" ಎಂದು ಮಾವ ಒಂದನ್ನು ಎತ್ತಿ ಎಂದಿನಂತೆ ಕಿಟಕಿಯ ಬಿಸಿಲಿಗೆ ಹಿಡಿಯಲು ಹೊರಟರು.

ಅವಳು ಅವರ ಮಣಿಕಟ್ಟು ಹಿಡಿದಳು. ಹದಿನಾಲ್ಕು ವರ್ಷದಲ್ಲಿ ಮಾವನ ಕೈ ಹಿಡಿದು ತಡೆದದ್ದು ಅದೇ ಮೊದಲು.

"ನೋಡ್ಬೇಡಿ ಮಾವ. ಕುಡೀರಿ."

"ನಂಗೇನು ಸಕ್ಕರೆ ಕಾಯಿಲೆಯಾ?"

"ಒಂದು ಗುಟುಕು."

ಮಾವ ಅವಳ ಮುಖ ನೋಡಿದರು. ಏನನ್ನಿಸಿತೋ, ಕುಡಿದರು. ಐವತ್ತು ವರ್ಷ ಹೊನ್ನೆ ಲೋಟ ಕಡೆದವರು ಅದರ ನೀರು ಕುಡಿದದ್ದು ಅಪರೂಪ. ಮುಖ ಕಿವುಚಿದರು. "ಒಗರು. ನಾಲಿಗೆ ಎಳೀತದೆ. ಇದು ಸರಿಯಾಗಿದೆ."

"ಈಗ ಇದು."

ಎರಡನೆಯದನ್ನು ಕುಡಿದರು. ಬಾಯಲ್ಲೇ ಇಟ್ಟುಕೊಂಡು ಆಚೆ ಈಚೆ ಆಡಿಸಿ ನುಂಗಿದರು. ಇನ್ನೊಂದು ಗುಟುಕು ಕುಡಿದರು. ಗಾಜನ್ನು ಹಲಗೆಯ ಮೇಲಿಟ್ಟು ಅದರ ಬಾಯಿಯ ಮೇಲೆ ಅಂಗೈ ಮುಚ್ಚಿದರು, ಒಳಗಿದ್ದದ್ದು ಹೊರಗೆ ಬಂದೀತು ಎನ್ನುವ ಹಾಗೆ.

"ದೋಣಿಕಟ್ಟೆದು" ಎಂದರು.

"ಹೂಂ ಮಾವ."

"ಹೊಳೆ ತೊಳೆದುಬಿಟ್ಟಿದೆ." ಅವರಿಗೆ ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ಮರ ನೋಡ್ದೆ, ನೀರು ನೋಡ್ಲಿಲ್ಲ. ಆದ್ರೆ ಆವತ್ತು ಹಿತ್ತಲಲ್ಲಿ ನೀಲಿ..."

"ಇರ್ಲಿಲ್ಲ."

"ನಾನು ಇದೆ ಅಂದೆ."

"ಹೂಂ."

"ನೀನೂ ಹೂಂ ಅಂದೆ."

ಅವಳು ತಲೆ ತಗ್ಗಿಸಿದಳು. ಆಮೇಲೆ ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು, ಹೊಟ್ಟು ಕುದಿಸಿದ್ದು, ಲೋಟ ಮುಳುಗಿಸಿಟ್ಟದ್ದು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಗಂಡ ಬೇಡವೆಂದದ್ದನ್ನು ಹೇಳಲಿಲ್ಲ. ಮಾಡಿದ್ದು ತನ್ನ ಕೈ.

ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಯಂತ್ರದ ಮೇಲೆ ಕೂತಿದ್ದ ಮರದ ಪುಡಿಯನ್ನು ಅಂಗೈಯಿಂದ ಒರೆಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ನಂಗೆ ನೀಲಿ ಕಾಣದೆ ಎರಡು ವರ್ಷ ಆಯ್ತು, ಎಲ್ಲ ನೀರೂ ಮಂಜು ಮಂಜಾಗಿ ಕಂದಾಗೇ ಕಾಣುತ್ತೆ" ಎಂದರು. "ಮರ ಸರಿ ಇರ್ತಿತ್ತು, ನೀಲಿ ಇದ್ದೇ ಇರುತ್ತೆ ಅಂತ ಹೇಳ್ತಿದ್ದೆ. ಹೇಳಿ ಹೇಳಿ ಕಂಡ ಹಾಗೇ ಆಗಿಹೋಗಿತ್ತು. ಮೊದಲ ದಿನವೇ ನಿನ್ನ ಕರೆದು, ನೋಡಿ ಹೇಳಮ್ಮ ಅನ್ನಬಹುದಿತ್ತು. ನಾಚಿಕೆ ಆಯ್ತು."

"ನಾನೂ ಆವತ್ತೇ ಹೇಳಬಹುದಿತ್ತು ಮಾವ."

"ಹೇಳಬಹುದಿತ್ತು" ಎಂದರು ಅವರು. ಇಲ್ಲ ಬಿಡು ಎಂದು ಸಮಾಧಾನ ಮಾಡಲಿಲ್ಲ. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. "ಆ ಹೆಂಗಸನ್ನ ಬೀದೀಲಿ ನಿಲ್ಲಿಸಿ ಬೈದೆ. ನಡಿ."

ಶಾಲೆಯ ಜಗಲಿಯಲ್ಲಿ ಗಂಟೆಯಕ್ಕ ಪೊರಕೆ ಹಿಡಿದು ಕೂತಿದ್ದಳು. ಒಳಗೆ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಒದರುತ್ತಿದ್ದವು. ಲೋಟದಜ್ಜನನ್ನು ಕಂಡದ್ದೇ ಎದ್ದು ನಿಂತಳು.

"ಅಜ್ಜ, ಇಲ್ಲಿಗೂ ಬಂದ್ರಾ? ನೀವು ಬೈದದ್ದು ಇನ್ನೂ ಕಿವೀಲಿ ಗುಂಯ್ ಅಂತಿದೆ. ನನ್ನ ಗಂಟೆಯೂ ಅಷ್ಟು ಜೋರಿಲ್ಲ."

"ಸಾಬೂನಲ್ಲ" ಎಂದರು ಮಾವ ನಿಂತಲ್ಲೇ. "ಮರ ಸತ್ತದ್ದು. ಹೊಳೇಲಿ ನಿಂತು ಸತ್ವ ಎಲ್ಲ ಹೋಗಿತ್ತು. ನಾನು ನೋಡ್ಲಿಲ್ಲ. ನೋಡೋ ಕಣ್ಣೂ ನಂಗೆ ಸರಿ ಇಲ್ಲ. ನಿಂದೇನೂ ತಪ್ಪಿಲ್ಲ, ತಪ್ಪು ನಂದು. ಹೊಸ ಮರ ಬಂದಾಗ ಮೊದಲ ಲೋಟ ನಿಂದು."

ಗಂಟೆಯಕ್ಕ ಜಗಲಿಯ ಮೇಲೆ ಕೂತುಬಿಟ್ಟಳು. ನಗುತ್ತಾಳೆ ಎಂದುಕೊಂಡಿದ್ದಳು ಸೊಸೆ. ಅವಳು ನಗಲಿಲ್ಲ.

"ಹಾಗಾದ್ರೆ ನನ್ನ ಮಗಳು?"

"ಯಾಕೆ?"

"ಅವಳು ಇರೋದು ಲಾಂಡ್ರೀಲಿ ಅಜ್ಜ. ದಿನವಿಡೀ ಸಾಬೂನಲ್ಲೇ ಕೈ. ನೀವು ಸಾಬೂನು ಅಂದ್ರಿ, ನಾನು ನೆಟ್ಟಗೆ ಮನೆಗೆ ಹೋಗಿ ಅವಳ ಮೇಲೆ ಹಾರಾಡ್ದೆ. ಅಮ್ಮ ಬದುಕೋದು ನಿಂಗೆ ಬೇಕಿಲ್ಲ ಅಂದೆ. ಅನ್ನಬಾರದ್ದೆಲ್ಲ ಅಂದೆ. ಅವಳು ಇಲ್ಲ ಇಲ್ಲ ಅಂತ ಆಣೆ ಇಟ್ಲು. ಲೋಟದಜ್ಜ ಸುಳ್ಳು ಹೇಳ್ತಾರಾ ಅಂತ ಕೇಳ್ದೆ ನಾನು. ನಿನ್ನೆಯಿಂದ ಮಾತಿಲ್ಲ, ಅನ್ನ ಮುಟ್ಟಿಲ್ಲ."

ಒಳಗೆ ಮಗ್ಗಿ ಮುಗಿದು ಗದ್ದಲ ಎದ್ದಿತು. ಮಾವ ಬೀದಿಯ ಕಡೆ ತಿರುಗಿದರು.

"ಲಾಂಡ್ರಿ ಎಲ್ಲಿ?"

"ಔಷಧಿ ಅಂಗಡಿ ಪಕ್ಕ. ನಾನೂ ಬರ್ತಿದ್ದೆ, ಗಂಟೆಗೆ ಟೈಮಾಯ್ತು."

ದಾರಿಯುದ್ದಕ್ಕೂ ಸೊಸೆ ಒಂದು ಹೆಜ್ಜೆ ಹಿಂದೆಯೇ ನಡೆದಳು. ಶಾಲೆಯ ಜಗಲಿಯಲ್ಲಿ ಮಾವ ಅವಳ ಹೆಸರೆತ್ತಿರಲಿಲ್ಲ. ಕಣ್ಣಿನ ವಿಷಯವನ್ನೂ ಬಾಯಿಬಿಟ್ಟು ಹೇಳಿದ್ದರು, ಬಣ್ಣ ಕುದಿಸಿದ್ದನ್ನು ಮಾತ್ರ ನುಂಗಿದ್ದರು. ಬಣ್ಣ ಹಾಕದೆ ಬಿಟ್ಟಿದ್ದರೆ ಮೊದಲ ದಿನವೇ ಯಾರಾದರೂ ಬಂದು ಹೇಳುತ್ತಿದ್ದರು. ಸಾಬೂನಿನ ಮಾತೇ ಹುಟ್ಟುತ್ತಿರಲಿಲ್ಲ. ಅವಳು ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಮಾವನ ಬೆನ್ನಿನ ಹಿಂದೆ, ನೆರಳಲ್ಲಿ ನಿಂತವರಂತೆ ಹಾಯಾಗಿ.

ಲಾಂಡ್ರಿಯ ಒಳಗೆ ಹಬೆ ತುಂಬಿತ್ತು. ಆಸ್ಪತ್ರೆಯ ಬಿಳಿ ಹಾಸಿಗೆಬಟ್ಟೆಗಳ ರಾಶಿಯ ಹಿಂದೆ ಗಂಟೆಯಕ್ಕನ ಮಗಳು ಇಸ್ತ್ರಿ ಮಾಡುತ್ತಿದ್ದಳು. ಇಪ್ಪತ್ತರ ಹುಡುಗಿ, ಕಣ್ಣು ಊದಿತ್ತು. ಬಂದವರು ಯಾರೆಂದು ತಿಳಿದಾಗ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನಾನು ಸಾಬೂನು ಹಾಕಿಲ್ಲ" ಎಂದಳು, ಯಾರೂ ಕೇಳುವ ಮೊದಲೇ.

"ಗೊತ್ತಮ್ಮ. ಅದನ್ನೇ ಹೇಳೋಕೆ ಬಂದೆ. ತಪ್ಪು ನಂದು..."

"ಮಾವ" ಎಂದಳು ಸೊಸೆ. "ನಾನು ಹೇಳ್ತೀನಿ."

ಮಾವ ತಿರುಗಿದರು. ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು, ಸಣ್ಣಗೆ, ಆ ಹುಡುಗಿಗೆ ಕಾಣದಷ್ಟು. ಸೊಸೆ ಅವರನ್ನು ದಾಟಿ ಮುಂದೆ ಬಂದು ಬಟ್ಟೆ ರಾಶಿಯ ಈಚೆ ನಿಂತಳು.

"ಆ ಲೋಟದಲ್ಲಿ ಮೊದಲಿಂದಲೂ ಬಣ್ಣ ಇರ್ಲಿಲ್ಲ ತಂಗಿ. ನಂಗೆ ಗೊತ್ತಿತ್ತು. ಮಾವನ ಮನಸ್ಸು ನೋಯ್ಸಬಾರದು ಅಂತ ನಾನೇ ಹೊಟ್ಟು ಕುದಿಸಿ ಬಣ್ಣ ಏರಿಸ್ದೆ. ಅದು ಹದಿನೈದು ದಿನಕ್ಕೆ ಇಳೀತು. ನಿನ್ನೆ ಮಾವ ನಿಮ್ಮಮ್ಮನಿಗೆ ಬೈವಾಗ ನಾನು ಅಲ್ಲೇ ಕೂತಿದ್ದೆ. ಸುಮ್ಮನಿದ್ದೆ."

ಹುಡುಗಿ ಇಬ್ಬರನ್ನೂ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಮ್ಮಮ್ಮ ಆ ಲೋಟಾನ ದಿನಾ ಕಿಟಕೀಲಿ ಹಿಡಿದು ನೋಡೋಳು" ಎಂದಳು. "ನಂಗೂ ತೋರಿಸೋಳು. ನೋಡೇ ನೀಲಿ, ನೋಡೇ ನೀಲಿ ಅಂತ." ಮುಂದಿದ್ದ ಬಟ್ಟೆಯ ಮಡಿಕೆ ಸವರಿ, "ನೀವು ಹೀಗೆ ಮಾಡಬಾರದಿತ್ತಕ್ಕ."

"ಮಾಡಬಾರದಿತ್ತು."

"ಅಮ್ಮನಿಗೆ ಹೇಳಿದ್ರಾ ಇದನ್ನ?"

"ಸಾಬೂನಲ್ಲ ಅಂತ ಮಾವ ಹೇಳಿದ್ರು. ನನ್ನದು ಹೇಳಿಲ್ಲ. ಈಗ ತಿರುಗಿ ಹೋಗಿ ಹೇಳ್ತೀನಿ."

ಹುಡುಗಿ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು, ಒಳಗಿದ್ದ ಯಾರಿಗೋ "ಊಟಕ್ಕೆ ಹೋಗಿ ಬರ್ತೀನಿ" ಎಂದು ಕೂಗಿ, ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ, ನಾನೂ ಬರ್ತೀನಿ. ನೀವೊಬ್ರೇ ಹೋದ್ರೆ ಅಮ್ಮ ನಿಮ್ಮನ್ನ ಪೊರಕೇಲಿ ಗುಡಿಸಿಬಿಡ್ತಾಳೆ."

ಮೂವರೂ ಬೀದಿಗೆ ಇಳಿದರು. ಹುಡುಗಿ ಮುಂದೆ ಬಿರಬಿರನೆ ನಡೆದಳು. ಮಾವ ಸೊಸೆಯ ಪಕ್ಕಕ್ಕೆ ಬಂದರು.

"ಅದು ಆದ ಮೇಲೆ ಇನ್ನೂ ಹತ್ತು ಮನೆ ಇದೆ" ಎಂದರು.

"ಗೊತ್ತು ಮಾವ."

"ಎಲ್ಲ ಕಡೆ ಹೀಗೇ ಹೇಳ್ತೀಯಾ?"

"ಹೇಳ್ತೀನಿ."

ರಸ್ತೆ ದಾಟುವ ಕಡೆ ಮಾವ ನಿಂತು, ಎಂದೂ ಮಾಡದವರು, ಅವಳ ಕಡೆಗೆ ಕೈ ಚಾಚಿದರು.

"ಹಾಗಾದ್ರೆ ಕೈ ಹಿಡ್ಕೊ" ಎಂದರು. "ಬರೋ ಗಾಡಿ ದೂರದಿಂದ ಸರಿಯಾಗಿ ಕಾಣಲ್ಲ ನಂಗೆ."